ಒಂದೂವರೆ ಕಪ್ ಮೈದಾ

ನಾಗವೇಣಿಯ ಕೇಕು ಕಲ್ಲಾಗುತ್ತಿದ್ದುದು ಅವಳ ಕೈಯ ದೋಷದಿಂದಲ್ಲ. ಯಾಕೆ ಹಾಗಾಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಹೇಳದೆ ಸುಮ್ಮನಿದ್ದದ್ದಷ್ಟೇ ಆಗಿದ್ದರೆ — ಇರಲಿ, ಅದೂ ಸಣ್ಣ ತಪ್ಪಲ್ಲ. ಆದರೆ ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಅವಳ ಮಗಳ ಹುಟ್ಟುಹಬ್ಬದ ದಿನ, ಮನೆ ತುಂಬ ಜನ ಕೂತಿದ್ದಾಗ, ಅವಳಿಗೆ ಕೈಗುಣ ಇಲ್ಲ ಎಂದುಬಿಟ್ಟೆ. ಅವಳು ಅದನ್ನು ನಂಬಿದಳು. ಆ ಹುಡುಗಿಗೆ ಆಗ ಏಳು ವರ್ಷ. ಈಗ ಅವಳ ಮದುವೆಯೂ ಆಗಿದೆ. ಅಷ್ಟು ಕಾಲವೂ ನಾಗವೇಣಿ ನನ್ನ ಮಾತನ್ನೇ ನಿಜವೆಂದುಕೊಂಡು ಬದುಕಿದಳು.

ನಾಗವೇಣಿ ನನ್ನ ಮೈದುನನ ಹೆಂಡತಿ. ನಮ್ಮ ಕಡೆ ನೆಗೆಣ್ಣಿ ಅನ್ನುತ್ತೇವೆ. ನಾನು ಸರೋಜಾ, ಮನೆಗೆ ಹಿರಿಯ ಸೊಸೆ. ಹೊಸಪೇಟೆಯಲ್ಲಿ ಕಾಲುವೆಯ ಪಕ್ಕದ ಓಣಿ, ಎರಡು ಕೋಣೆ, ಒಂದು ಪಡಸಾಲೆ, ಒಂದೇ ಅಡುಗೆಮನೆ — ಅಷ್ಟರಲ್ಲಿ ಅಣ್ಣತಮ್ಮ ಇಬ್ಬರ ಸಂಸಾರ, ಜೊತೆಗೆ ಅತ್ತೆ. ನನ್ನ ತವರು ಮರಿಯಮ್ಮನಹಳ್ಳಿ. ಅಪ್ಪನದು ಹೆದ್ದಾರಿ ಪಕ್ಕದಲ್ಲಿ ಲಾರಿ ಟೈರಿಗೆ ಪಂಕ್ಚರ್ ಹಾಕುವ ಅಂಗಡಿ. ಕಷ್ಟಪಟ್ಟು ನನ್ನನ್ನು ಪಿಯುಸಿವರೆಗೆ ಓದಿಸಿದ. ಅದರ ಜಂಬ ನನಗೆ ಕಡಿಮೆಯೇನೂ ಇರಲಿಲ್ಲ. ನಾಗವೇಣಿ ಕಮಲಾಪುರದವಳು. ಭತ್ತ, ಬಾಳೆ, ಆಳುಕಾಳು ಇದ್ದ ಮನೆ. ಮಾತು ಕಡಿಮೆ, ನಗು ಜಾಸ್ತಿ.

ಅವಳು ಮನೆಗೆ ಬಂದ ವಾರದಲ್ಲೇ ನಾನು ಸೋತೆ. ರೊಟ್ಟಿಯಲ್ಲಿ ಸೋತೆ. ಜೋಳದ ಹಿಟ್ಟಿಗೆ ಅಂದಾಜಿನಲ್ಲಿ ಬಿಸಿನೀರು ಸುರಿದು, ನಾದಿ, ಬಡಿಯಲು ಕುಳಿತಳೆಂದರೆ ಅವಳ ರೊಟ್ಟಿಯ ಅಂಚು ಒಂದು ಕಡೆಯೂ ಬಿರಿಯುತ್ತಿರಲಿಲ್ಲ. ನನ್ನದು ಬಿರಿಯದ ದಿನವಿರಲಿಲ್ಲ. ಅತ್ತೆ ಕೆಟ್ಟವರಲ್ಲ, ಬಾಯಿ ಹಿಡಿತದಲ್ಲಿಲ್ಲದವರು ಅಷ್ಟೇ. ನನ್ನ ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದು, ಈ ನಕಾಶೆಯಲ್ಲಿ ಬಳ್ಳಾರಿ ಎಲ್ಲಿದೆ ತೋರಿಸಿ ಎಂದು ಮಕ್ಕಳನ್ನು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ — ನಗದೆ ಏನು ಮಾಡಲಿ? ನಾಗವೇಣಿ ಹೆಪ್ಪು ಹಾಕಿದರೆ ಮೊಸರು ಗಟ್ಟಿ. ಅವಳು ಉಪ್ಪು ಬೆರೆಸಿದ ಉಪ್ಪಿನಕಾಯಿಗೆ ಬೂಸಲು ಬರುವುದಿಲ್ಲ. ಅವಳು ನೆಟ್ಟ ಕರಿಬೇವಿನ ಕಡ್ಡಿ ಚಿಗುರುತ್ತದೆ. ನಾಗವ್ವನ ಕೈಗುಣ, ನಾಗವ್ವನ ಕೈಗುಣ — ದಿನಕ್ಕೊಮ್ಮೆಯಾದರೂ ಆ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಹೊಟ್ಟೆಕಿಚ್ಚು ಎಂದರೆ ಆಗ ಒಪ್ಪುತ್ತಿರಲಿಲ್ಲ. ಈಗ ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಆಗ ನನಗೆ ಕೇಕು ಸಿಕ್ಕಿತು. ಊರಿನಲ್ಲಿ ಹೆಂಗಸರಿಗೆ ಕೇಕು, ಬಿಸ್ಕತ್ತು ಮಾಡುವುದನ್ನು ಕಲಿಸುತ್ತಿದ್ದಾರೆಂದು ಕೇಳಿ ಹೋದೆ. ಅಳತೆಯ ಕಪ್ಪುಗಳ ಒಂದು ಜೊತೆ ಕೊಟ್ಟರು. ಕಪ್ಪಿಗೆ ಮೈದಾವನ್ನು ಚಮಚದಿಂದ ಹಗುರವಾಗಿ ಹಾಕಿ, ಮೇಲೆ ಬಂದದ್ದನ್ನು ಚಾಕುವಿನ ಬೆನ್ನಿನಿಂದ ಗೀರಿ ತೆಗೆಯಬೇಕು ಎಂದು ಕಲಿಸಿದರು. ಕಲಿತೆ. ಯಾರೋ ಬಳಸಿ ಬಿಟ್ಟಿದ್ದ ಓವನ್ ಒಂದನ್ನು ಕೊಂಡು ತಂದು ಪಡಸಾಲೆಯ ಮೂಲೆಯಲ್ಲಿಟ್ಟೆ. ಮೊಟ್ಟೆ ನಮ್ಮ ಮನೆಗೆ ಬಾರದು. ಮೊಸರು, ಬೆಲ್ಲ, ಮಾಗಿದ ಬಾಳೆಹಣ್ಣು ಹಾಕಿ ಕೇಕು ಮಾಡಿದೆ. ಹಣ್ಣು ನಾಗವೇಣಿಯ ತವರಿನದು — ಅವಳ ಅಪ್ಪ ಕಮಲಾಪುರದ ಬಸ್ಸಿಗೆ ಗೊನೆ ಹಾಕಿ ಕಳುಹಿಸುತ್ತಿದ್ದರು. ಕೇಕು ಹೂವಿನ ಹಾಗೆ ಬಂತು. ಹಂಪಿಯಲ್ಲಿ ಪ್ರವಾಸಿಗರನ್ನು ಇಳಿಸಿಕೊಳ್ಳುವ ಒಂದು ಮನೆಯವರು ತಿಂದು ನೋಡಿ, ವಾರಕ್ಕೆ ಇಷ್ಟು ಬೇಕೆಂದರು. ಅತ್ತೆ ಮೊದಲ ಸಲ ನನ್ನ ಅಡುಗೆ ತಿಂದು ಮಾತಾಡದೆ ಇನ್ನೊಂದು ತುಂಡಿಗೆ ಕೈ ಚಾಚಿದರು. ಆ ಚಾಚಿದ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾಗವೇಣಿಗೂ ಕಲಿಯುವ ಆಸೆ ಬಂತು. ಮಗಳು ಸಹನಾಳ ಹುಟ್ಟುಹಬ್ಬಕ್ಕೆ ತಾನೇ ಕೇಕು ಮಾಡಬೇಕು, ಅಷ್ಟೇ ಅವಳ ಆಸೆ. ವ್ಯಾಪಾರ ಗೀಪಾರ ಅವಳ ತಲೆಯಲ್ಲಿರಲಿಲ್ಲ. ಎರಡು ಕಪ್ ಮೈದಾ, ಒಂದು ಕಪ್ ಬೆಲ್ಲ, ಮೂರು ಹಣ್ಣು, ಇಷ್ಟು ಮೊಸರು, ಇಷ್ಟು ಎಣ್ಣೆ, ಇಷ್ಟು ಸೋಡಾ ಎಂದು ಹೇಳಿಕೊಟ್ಟೆ. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇಷ್ಟನ್ನಾದರೂ ನಂಬಿ. ಅವಳು ಮಾಡಿದ ಮೊದಲ ಕೇಕು ಉಬ್ಬಲೇ ಇಲ್ಲ. ಎರಡನೆಯದೂ ಅಷ್ಟೆ. ಚಾಕು ಹಾಕಿದರೆ ಒಳಗೆ ಗಟ್ಟಿ, ಬಾಯಿಗಿಟ್ಟರೆ ಒಣ ಹಿಟ್ಟು. ನಾನು ಅವಳ ಸೋಡಾ ಹಳತೇ ಎಂದು ನೋಡಿದೆ, ಓವನ್ನಿನ ಬಿಸಿ ನೋಡಿದೆ. ಏನೂ ತಿಳಿಯಲಿಲ್ಲ.

‘ಅಕ್ಕಾ, ನೀ ಹೇಳಿದಂಗ ಎಲ್ಲಾ ಹಾಕೀನಿ. ನನ್ನ ಕೈಯಾಗ ಯಾಕ ಹಿಂಗ ಆಗ್ತೈತಿ?’ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಆ ದಿನದ ಮಟ್ಟಿಗೆ ಅದು ಸತ್ಯವಾಗಿತ್ತು.

ನನ್ನ ಗಂಡನಿಗೆ ಸಂಡೂರಿನ ಕಡೆ ಅದಿರಿನ ಲಾರಿಗಳನ್ನು ತೂಗುವ ಕಾಟಾದ ಮೇಲೆ ಕೆಲಸ. ಸಂಜೆ ಮನೆಗೆ ಬಂದರೆ ಅಂಗಿಯ ಕಾಲರಿನವರೆಗೂ ಕೆಂಪು ಧೂಳು. ಒಂದು ದಿನ ಊಟಕ್ಕೆ ಕೂತಾಗ ಸುಮ್ಮನೆ ಕೆಲಸದ ಮಾತು ತೆಗೆದರು: ಎರಡು ಲಾರಿ, ಎರಡೂ ತುಂಬಿದವು, ನೋಡಲು ಒಂದೇ ಹಾಗೆ, ಒಂದರಲ್ಲಿ ಪುಡಿ ಅದುಮಿ ಕೂತಿದೆ, ಇನ್ನೊಂದರಲ್ಲಿ ಗಡ್ಡೆಗಳ ನಡುವೆ ಗಾಳಿ. ಕಾಟಾ ಹತ್ತಿಸಿದರೆ ಟನ್ನುಗಟ್ಟಲೆ ವ್ಯತ್ಯಾಸ. ತುಂಬಿದ್ದನ್ನು ನೋಡಿ ತೂಕ ಹೇಳುವವನು ದಡ್ಡ ಎಂದು ನಕ್ಕರು. ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. ಮರುದಿನ ಅಡುಗೆಮನೆಗೆ ಒಂದು ಪುಟ್ಟ ತೂಕದ ಯಂತ್ರ ಬೇಕೆಂದೆ. ಆರ್ಡರಿನ ಕೇಕು ಒಂದೇ ಹದಕ್ಕೆ ಬರಲು ಬೇಕು ಎಂದು ಕಾರಣ ಕೊಟ್ಟೆ. ತಂದುಕೊಟ್ಟರು.

ನಾಗವೇಣಿ ಮೂರನೆಯ ಸಲ ಕೇಕಿಗೆ ಕೂತಿದ್ದಳು. ಅವಳು ಮೈದಾ ಅಳೆಯುವುದನ್ನು ಆವತ್ತು ನಾನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದೆ. ಕಪ್ಪನ್ನು ಡಬ್ಬಿಯೊಳಗೆ ಮುಳುಗಿಸಿ ಬಾಚಿದಳು. ಕಟ್ಟೆಗೆ ಎರಡು ಸಲ ಕುಟ್ಟಿದಳು. ಹಿಟ್ಟು ಕೆಳಗೆ ಕೂತಿತು. ಅದರ ಮೇಲೆ ಇನ್ನೊಂದು ಹಿಡಿ ಹಾಕಿ, ಸಣ್ಣ ಗೋಪುರ ಕಟ್ಟಿ, ಅಂಗೈಯಿಂದ ಮೆಲ್ಲಗೆ ಒತ್ತಿದಳು. ಗೀರಲಿಲ್ಲ. ಗೀರುವುದು ಅವಳಿಗೆ ಬಾರದು, ಬರುವಂತೆಯೂ ಇರಲಿಲ್ಲ. ಅವಳ ತವರಿನ ಕಣದಲ್ಲಿ ಆಳುಗಳಿಗೆ ಭತ್ತ ಅಳೆಯುವಾಗ ಸೇರಿನ ಬಾಯಿ ಗೀರಿದರೆ ಅವಳ ಅಪ್ಪ ಕೈಗೆ ಹೊಡೆಯುತ್ತಿದ್ದರಂತೆ — ಕೊಡುವಾಗ ಕುಟ್ಟಿ, ತುಂಬಿ, ಮೇಲೊಂದು ಹಿಡಿ ಕೊಸರು ಹಾಕಬೇಕು. ಗೀರಿದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ. ಇದನ್ನು ಅವಳೇ ಹಿಂದೊಮ್ಮೆ ಹೇಳಿದ್ದಳು. ಮಗಳ ಕೇಕಿಗೆ ಅಳೆಯುವಾಗ ಅವಳ ಕೈ ಜಿಪುಣತನ ಮಾಡೀತೇ?

ಅಷ್ಟರಲ್ಲಿ ಸಿಲಿಂಡರಿನವನು ಬಾಗಿಲು ಬಡಿದ. ಅವಳು ಎದ್ದು ಹೋದಳು. ಅವಳು ತುಂಬಿಟ್ಟ ಕಪ್ ಕಟ್ಟೆಯ ಮೇಲಿತ್ತು. ಖಾಲಿ ಬಟ್ಟಲನ್ನು ಯಂತ್ರದ ಮೇಲಿಟ್ಟು, ಸೊನ್ನೆ ಮಾಡಿ, ಅವಳ ಕಪ್ಪಿನ ಹಿಟ್ಟು ಸುರಿದೆ. ನೂರಾ ಅರವತ್ತು ಗ್ರಾಂ. ಅದನ್ನು ತೆಗೆದು, ಅದೇ ಕಪ್ಪನ್ನು ನನ್ನ ಪದ್ಧತಿಯಲ್ಲಿ ಚಮಚದಿಂದ ತುಂಬಿ, ಗೀರಿ, ಸುರಿದೆ. ನೂರಾ ಇಪ್ಪತ್ತು. ಅಂದರೆ ಎರಡು ಕಪ್ ಎಂದು ನಾನು ಹೇಳಿದ್ದಕ್ಕೆ ಅವಳು ಹಾಕುತ್ತಿದ್ದುದು ನನ್ನ ಲೆಕ್ಕದ ಎರಡೂಮುಕ್ಕಾಲು ಕಪ್ಪಿಗೆ ಸ್ವಲ್ಪ ಕಡಿಮೆ. ಅಷ್ಟು ಹಿಟ್ಟಿಗೆ ಆ ಮೊಸರು, ಆ ಹಣ್ಣು ಎಲ್ಲಿ ಸಾಲಬೇಕು? ಕೇಕು ಉಬ್ಬುವುದಾದರೂ ಹೇಗೆ? ಅವಳ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅವಳು ಧಾರಾಳವಾಗಿ ಅಳೆಯುತ್ತಿದ್ದಳು, ಅಷ್ಟೆ.

ಆ ಗಳಿಗೆಯನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ‘ನಾಗೂ, ಬಾರೇ ಇಲ್ಲಿ, ಸಿಕ್ತು ನೋಡು’ ಎಂದು ಕೂಗಿದ್ದರೆ — ಇಷ್ಟೇ ಸಾಕಿತ್ತು. ಬಾಯಿ ತೆರೆದೆ ಕೂಡ. ಆದರೆ ಅತ್ತೆಯ ಆ ಚಾಚಿದ ಕೈ ನೆನಪಾಯಿತು. ರೊಟ್ಟಿ ಅವಳದು, ಮೊಸರು ಅವಳದು, ಕರಿಬೇವಿನ ಗಿಡವೂ ಅವಳದು. ಕೇಕೂ ಅವಳದೇ ಆಗಿಬಿಟ್ಟರೆ ಆ ಮನೆಯಲ್ಲಿ ನನ್ನದೆನ್ನುವುದು...

ಅಂಗಳದಲ್ಲಿ ಸಿಲಿಂಡರ್ ಇಳಿಸಿದ ಸದ್ದಾಯಿತು. ನಾನು ಅವಸರದಿಂದ ಕಪ್ಪನ್ನು ಡಬ್ಬಿಗೆ ಮುಳುಗಿಸಿದೆ. ಕಟ್ಟೆಗೆ ಎರಡು ಸಲ ಕುಟ್ಟಿದೆ. ಇನ್ನೊಂದು ಹಿಡಿ ಹಾಕಿ, ಅವಳು ಕಟ್ಟಿದಂತೆಯೇ ಗೋಪುರ ಕಟ್ಟಿ, ಅಂಗೈಯಿಂದ ಒತ್ತಿ, ಇದ್ದ ಜಾಗದಲ್ಲಿಟ್ಟೆ. ಸುಮ್ಮನಿದ್ದೆ ಎಂದು ನಾನು ಹೇಳಿಕೊಳ್ಳುವಂತಿಲ್ಲ. ನನ್ನ ಕೈಯಾರೆ ಹೆಚ್ಚಿನ ಹಿಟ್ಟು ತುಂಬಿಟ್ಟೆ. ಒಳಗೆ ಬಂದವಳು ಏನು ನೋಡುತ್ತಿದ್ದೀ ಎಂದು ಕೇಳಿದಳು. ಮೈದಾದಲ್ಲಿ ಹುಳ ಇದೆಯೇನೋ ಎಂದು ನೋಡಿದೆ ಎಂದೆ. ಅವಳು ಪಾಪ, ಜರಡಿ ತಂದು ಇಡೀ ಡಬ್ಬಿಯನ್ನೇ ಜರಡಿ ಹಿಡಿದಳು, ಮತ್ತೆ ಕುಟ್ಟಿ ಕುಟ್ಟಿ ಅಳೆದಳು.

ಸಹನಾಳ ಹುಟ್ಟುಹಬ್ಬದ ಹಿಂದಿನ ದಿನ ನಾಗವೇಣಿ ಹಣ್ಣು ತರಲು ಕಮಲಾಪುರಕ್ಕೆ ಹೋದಳು. ಆ ಹೊತ್ತಿನಲ್ಲಿ ನಾನೊಂದು ಕೇಕು ಮಾಡಿ, ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇರಿಸಿದೆ. ಅವಳದು ಕೆಡುತ್ತದೆಂದು ನನಗೆ ಗೊತ್ತಿತ್ತಲ್ಲ.

ಮರುದಿನ ಗಾದಿಗನೂರಿನಿಂದ ನೆಂಟರು ಬಂದಿದ್ದರು, ಓಣಿಯ ಹೆಂಗಸರು ಬಂದಿದ್ದರು, ಮಕ್ಕಳು ಬಣ್ಣದ ಟೋಪಿ ಹಾಕಿಕೊಂಡು ಕೂತಿದ್ದರು. ನಾಗವೇಣಿ ಬೆಳಗಿನಿಂದ ಬೆವರು ಸುರಿಸಿ ಮಾಡಿದ ಕೇಕನ್ನು, ಮೇಲೆ ಗೋಡಂಬಿಯಲ್ಲಿ ಮಗಳ ಹೆಸರು ಬರೆದು, ತಂದಿಟ್ಟಳು. ಸಹನಾ ಚಾಕು ಹಾಕಿದಳು. ಚಾಕು ಇಳಿಯಲಿಲ್ಲ. ಮಗುವಿನ ಕೈ ಮೇಲೆ ನಾಗವೇಣಿ ತನ್ನ ಕೈ ಇಟ್ಟು ಒತ್ತಿದಳು, ತಟ್ಟೆ ಕಿರ್ರೆಂದಿತು. ಮೈದುನ, ಅವನೇನೂ ದುಷ್ಟನಲ್ಲ, ಇಂಥದ್ದು ಇನ್ನೊಂದು ಹತ್ತು ಮಾಡಿದರೆ ಹಿತ್ತಲಿನ ಗೋಡೆ ಕಟ್ಟಬಹುದು ಎಂದ. ಮನೆಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ನಾಗವೇಣಿಯೂ ನಕ್ಕಳು, ಅವಳ ಕಿವಿ ಮಾತ್ರ ಕೆಂಪಗಾಗಿತ್ತು. ನಾನು ಎದ್ದು ಪಕ್ಕದ ಮನೆಗೆ ಹೋಗಿ ನನ್ನ ಕೇಕು ತಂದೆ. ಹಿರಿ ಸೊಸೆ ಎಂದರೆ ಹೀಗಿರಬೇಕು, ಎಷ್ಟು ಮುಂದಾಲೋಚನೆ ಎಂದು ಯಾರೋ ಅಂದರು. ಮಕ್ಕಳು ಚಪ್ಪಾಳೆ ಹೊಡೆದರು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಮೇಲೆ ನಿಂತವರಿಗೆ ಸಮಾಧಾನ ಹೇಳುವ ಚಟ ಬೇರೆ ಇರುತ್ತದೆ. ಅವಳ ಬೆನ್ನ ಮೇಲೆ ಕೈ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

‘ಬ್ಯಾಸರ ಮಾಡ್ಕೋಬ್ಯಾಡ ನಾಗೂ. ಇದಕ್ಕ ಕೈಗುಣ ಬೇಕು. ಅದು ಎಲ್ಲಾರಿಗೂ ಇರಂಗಿಲ್ಲ.’

ಅವಳದೇ ಮಾತು ಅದು. ಆ ಮನೆಯಲ್ಲಿ ಅವಳಿಗೆಂದೇ ಇದ್ದ ಮಾತು. ಅದನ್ನು ಅವಳಿಂದ ಕಿತ್ತುಕೊಂಡು ಅವಳಿಗೇ ಹೊಡೆದೆ. ನಾಗವೇಣಿ ತನ್ನ ಎರಡೂ ಕೈಗಳನ್ನು ನೋಡಿಕೊಂಡು, ಸೆರಗಿನೊಳಗೆ ಎಳೆದುಕೊಂಡಳು. ನಾನು ಅದನ್ನು ನೋಡಿದೆ. ನೋಡಿಯೂ ಕೇಕು ಹಂಚುವುದಕ್ಕೆ ಹೋದೆ.

ಮುಂದೆ ಆದದ್ದು ಒಂದೇ ದಿನಕ್ಕೆ ಆದದ್ದಲ್ಲ. ಮೊದಲು ಅವಳು ಮೈದಾ ಮುಟ್ಟುವುದನ್ನು ಬಿಟ್ಟಳು. ಆಮೇಲೆ ಉಪ್ಪಿನಕಾಯಿ ಹಾಕುವ ಕಾಲಕ್ಕೆ, ಉಪ್ಪು ನೀನೇ ಬೆರೆಸು ಅಕ್ಕ ಎಂದಳು. ಒಂದು ದಿನ ಮೊಸರು ಹುಳಿಯಾಯಿತು — ಬಿರುಬೇಸಿಗೆ, ಯಾರ ಮೊಸರಾದರೂ ಹುಳಿಯಾಗುವ ಕಾಲ — ಅಂದಿನಿಂದ ಹೆಪ್ಪು ಹಾಕುವುದನ್ನೂ ಬಿಟ್ಟಳು. ಅವಳ ತಮ್ಮ ಕಮಲಾಪುರದಲ್ಲಿ ಹಣ್ಣಿನ ಅಂಗಡಿ ತೆರೆದಾಗ ಅಕ್ಕನ ಕೈಯಿಂದಲೇ ಬೋಣಿ ಆಗಬೇಕು ಎಂದು ಹಟ ಹಿಡಿದ. ಇವಳು ಹೊಟ್ಟೆನೋವು ಎಂದು ಸುಳ್ಳು ಹೇಳಿ ಹೋಗಲೇ ಇಲ್ಲ. ಯಾವುದನ್ನೂ ಮೊದಲು ಮುಟ್ಟುವವಳಲ್ಲ. ರೊಟ್ಟಿ ಮಾತ್ರ ಬಡಿಯುತ್ತಿದ್ದಳು. ಅದೂ ಮುಂಚಿನಂತೆಯೇ ಬರುತ್ತಿತ್ತು, ಆದರೆ ಈಗ ಹೊಗಳಿದರೆ ಹಿಟ್ಟು ಚೆನ್ನಾಗಿದೆ ಅನ್ನುತ್ತಿದ್ದಳು.

ನನ್ನ ಕೇಕಿನ ಕೆಲಸ ಬೆಳೆಯಿತು. ಎರಡು ಓಣಿ ದಾಟಿ ಒಂದು ಶೆಡ್ ಬಾಡಿಗೆಗೆ ಹಿಡಿದೆ, ದೊಡ್ಡ ಓವನ್ ಬಂತು, ನಾಲ್ಕು ಹೆಂಗಸರು ಕೆಲಸಕ್ಕೆ ಬಂದರು. ಅಲ್ಲಿ ಕಪ್ಪುಗಳೇ ಇಲ್ಲ, ಎಲ್ಲವೂ ಗ್ರಾಂ. ನಾಗವೇಣಿ ಅಲ್ಲಿಯೇ ಕೇಕು ಕತ್ತರಿಸಿ, ಕಾಗದ ಸುತ್ತಿ, ಡಬ್ಬಿಗೆ ತುಂಬುವ ಕೆಲಸಕ್ಕೆ ನಿಂತಳು. ಕಲಸುವ ಮೇಜಿನ ಹತ್ತಿರ ಕರೆದರೂ ಬರುತ್ತಿರಲಿಲ್ಲ, ಕಲಸಿದ್ದು ಕೆಟ್ಟರೆ ನಿನಗೆ ನಷ್ಟ ಎನ್ನುತ್ತಿದ್ದಳು. ಬೇಸಿಗೆ ರಜೆಯಲ್ಲಿ ಒಂದಷ್ಟು ಹೆಣ್ಣುಮಕ್ಕಳು ನನ್ನಲ್ಲಿ ಕಲಿಯಲು ಬರುತ್ತಾರೆ. ಮೊದಲ ಪಾಠವೇ ಇದು — ಕಪ್ ಸುಳ್ಳು ಹೇಳುತ್ತದೆ, ಕುಟ್ಟಿ ತುಂಬಿದರೆ ಒಂದು ತೂಕ, ಹಗುರವಾಗಿ ತುಂಬಿದರೆ ಇನ್ನೊಂದು, ಆದ್ದರಿಂದ ತೂಗಿ ಹಾಕಿ. ಈ ಪಾಠ ಹೇಳುವ ದಿನ ನಾಗವೇಣಿಯನ್ನು ನಾನು ಹಂಪಿಗೆ ಡಬ್ಬಿ ಕೊಡಲು ಕಳುಹಿಸುತ್ತಿದ್ದೆ. ಪ್ರತಿ ವರ್ಷ. ಹಾಗಾಗಿ ಮರೆತಿದ್ದೆ ಎಂದು ಹೇಳುವ ಹಾಗೂ ಇಲ್ಲ.

ಇನ್ನೆಷ್ಟು ಕಾಲ ಹೀಗೆ ನಡೆಸುತ್ತಿದ್ದೆನೋ. ಸಹನಾಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆ ಕೆಲಸ ಶುರುವಾಗುವುದು ಅರಿಶಿನ ಕುಟ್ಟುವುದರಿಂದ. ಹೆಣ್ಣಿನ ತಾಯಿ ಅರಿಶಿನ ಕೊಂಬನ್ನು ಬೊಗಸೆ ತುಂಬ ತೆಗೆದು ಒರಳಿಗೆ ಮೊದಲು ಹಾಕಬೇಕು. ಆಮೇಲೆ ಮುತ್ತೈದೆಯರು ಒನಕೆ ಹಿಡಿಯುತ್ತಾರೆ. ಆ ಶಾಸ್ತ್ರಕ್ಕೆ ವಾರ ಇರುವಾಗ ನಾಗವೇಣಿ ಶೆಡ್ಡಿಗೆ ಬಂದಳು. ಬೇರೆ ಹೆಂಗಸರು ಊಟಕ್ಕೆ ಹೋಗಿದ್ದರು. ಡಬ್ಬಿಗಳ ಪಕ್ಕ ಕೂತು, ನೆಲ ನೋಡುತ್ತಾ ಹೇಳಿದಳು:

‘ಅಕ್ಕಾ, ಮೊದಲ ಬೊಗಸಿ ನೀ ಹಾಕು. ನನ್ನ ಕೈ ಬ್ಯಾಡ. ಹುಡುಗಿ ಬಾಳೇವು ನೆಟ್ಟಗಿರ್ಲಿ.’

ದೊಡ್ಡವ್ವನೂ ತಾಯಿಯ ಸಮಾನವೇ ಅಲ್ಲವೇ, ಜನ ಏನೂ ಅನ್ನುವುದಿಲ್ಲ, ಅತ್ತೆಗೆ ನಾನೇ ಹೇಳುತ್ತೇನೆ ಎಂದು ಒಂದೊಂದಾಗಿ ಹೇಳಿದಳು. ಎಲ್ಲವನ್ನೂ ಯೋಚಿಸಿಕೊಂಡೇ ಬಂದಿದ್ದಳು. ಅಳಲಿಲ್ಲ. ಯಾವತ್ತೋ ತೀರ್ಮಾನವಾದ ಸಂಗತಿಯ ಹಾಗೆ ಹೇಳಿದಳು. ಹೆತ್ತ ತಾಯಿ ಮಗಳ ಮದುವೆಯಲ್ಲಿ ಕೈ ಹಿಂದಕ್ಕೆ ತೆಗೆಯುತ್ತಿದ್ದಾಳೆ, ಯಾಕೆಂದರೆ ಹದಿನೈದು ವರ್ಷದ ಹಿಂದೆ ನನಗೆ ಹೊಟ್ಟೆ ಉರಿದಿತ್ತು.

ಎದ್ದು ಹೋಗಿ ಕಪಾಟಿನ ಹಿಂದಿನಿಂದ ಆ ಹಳೆಯ ಕಪ್ ತಂದೆ. ಎಸೆದಿರಲಿಲ್ಲ, ಯಾಕೆ ಎಸೆದಿರಲಿಲ್ಲ ಎಂದು ನನಗೂ ಗೊತ್ತಿಲ್ಲ. ಅವಳ ಕೈಗೆ ಕೊಟ್ಟು ಮೈದಾ ಅಳೆ ಎಂದೆ. ಬೇಡ ಅಂದಳು. ಅಳೆ ನಾಗೂ, ನಿನ್ನ ಕಾಲು ಹಿಡಿಯುತ್ತೇನೆ ಎಂದೆ. ಅಷ್ಟು ವರ್ಷ ಮೈದಾ ಮುಟ್ಟದ ಕೈ — ಮುಳುಗಿಸಿತು, ಕುಟ್ಟಿತು, ಮೇಲೊಂದು ಹಿಡಿ ಹಾಕಿತು. ಏನೂ ಮರೆತಿರಲಿಲ್ಲ. ತೂಗಿ ತೋರಿಸಿದೆ. ಆಮೇಲೆ ನನ್ನ ಹಾಗೆ ತುಂಬಿ, ಗೀರಿ, ಅದನ್ನೂ ತೂಗಿ ತೋರಿಸಿದೆ. ಸಿಲಿಂಡರಿನವನು ಬಂದ ದಿನದ ಮಾತು ಹೇಳಿದೆ. ಹುಳದ ಸುಳ್ಳು ಹೇಳಿದೆ. ನಾನೇ ಮತ್ತೆ ಕುಟ್ಟಿ ತುಂಬಿಟ್ಟದ್ದು ಹೇಳಿದೆ. ನನಗೆ ಆಗ ಮನಸ್ಸು ಸರಿ ಇರಲಿಲ್ಲ, ಅತ್ತೆ ಹಾಗೆ ಆಡುತ್ತಿದ್ದರು — ಎಂದೇನೋ ಶುರುಮಾಡಿದೆ. ಅವಳ ಮುಖ ನೋಡಿ ಅದನ್ನು ಅಲ್ಲಿಗೇ ಬಿಟ್ಟೆ.

ಅವಳು ಬಹಳ ಹೊತ್ತು ಯಂತ್ರದ ಅಂಕಿಯನ್ನೇ ನೋಡಿದಳು. ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದಳು.

‘ಹಂಗಾರ ನನ್ನ ಕಪ್ಪಿಲೆ ಒಂದೂವರಿ ಹಾಕಿದ್ರ ಸಾಕಿತ್ತೇನು?’

ಸಾಕಿತ್ತು ಎಂದೆ. ಅವಳ ಒಂದೂವರೆ, ನನ್ನ ಎರಡು — ಎರಡೂ ಒಂದೇ ತೂಕ.

‘ಅರ್ಧ ಕಪ್ ಅಷ್ಟ?’

ಅಷ್ಟೇ ಎಂದೆ. ನನಗೆ ಅವಳನ್ನು ನೋಡಲಾಗಲಿಲ್ಲ. ಬಯ್ಯಲಿ, ಕಪ್ಪನ್ನು ಮುಖಕ್ಕೆ ಎಸೆಯಲಿ ಎಂದು ಕಾದೆ. ಅವಳು ಕೇಳಿದ್ದು ಬೇರೆ. ಆ ಎರಡನೆಯ ಕೇಕು, ಪಕ್ಕದ ಮನೆಯಿಂದ ತಂದದ್ದು, ಅದನ್ನು ಮೊದಲೇ ಮಾಡಿ ಇಟ್ಟಿದ್ದೆಯಾ ಎಂದು ಕೇಳಿದಳು. ಹೌದು ಎಂದೆ. ತಾನು ಕಮಲಾಪುರಕ್ಕೆ ಹೋದಾಗಲೇ ಎಂದು ಕೇಳಿದಳು. ಅದಕ್ಕೂ ಹೌದು ಎಂದೆ. ಅವಳು ಕೈಯ ಮೈದಾವನ್ನು ಒರೆಸಿಕೊಂಡು ಎದ್ದಳು. ನಾನು ಕೈ ಮುಗಿದೆ. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

‘ನನಗೊಬ್ಬಾಕಿಗೆ ಹೇಳಿದ್ರ ಏನಾತಕ್ಕ? ಅವತ್ತು ನೀ ಎಲ್ಲಾರ ಮುಂದ ಅಂದಿದ್ದಿ.’

ಅರಿಶಿನ ಕುಟ್ಟುವ ದಿನ ಪಡಸಾಲೆಯಲ್ಲಿ ಒರಳು ತೊಳೆದು, ಒನಕೆಗೆ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು. ಅವತ್ತು ಹುಟ್ಟುಹಬ್ಬಕ್ಕೆ ಬಂದಿದ್ದ ಹೆಂಗಸರಲ್ಲಿ ಬಹುಪಾಲು ಮಂದಿ ಇದ್ದರು — ಗಾದಿಗನೂರಿನವರು, ಓಣಿಯವರು. ಅತ್ತೆ ಗೋಡೆಗೊರಗಿ ಕೂತಿದ್ದರು. ಮೊದಲ ಬೊಗಸೆ ಯಾರು ಹಾಕುವವರು ಎಂದು ಒಬ್ಬರು ಕೇಳಿದರು. ನಾನು ನಿಂತುಕೊಂಡೆ. ನಾಗವ್ವನ ಕೈಯಲ್ಲಿ ದೋಷ ಇರಲಿಲ್ಲ, ಅವತ್ತಿನ ಕೇಕು ಕೆಟ್ಟದ್ದು ನನ್ನಿಂದ, ಕಾರಣ ಗೊತ್ತಿದ್ದೂ ಮುಚ್ಚಿಟ್ಟೆ, ಕೈಗುಣ ಇಲ್ಲ ಎಂದದ್ದು ಸುಳ್ಳು ಎಂದು ಹೇಳಿದೆ. ಅಳತೆಯ ಮಾತನ್ನೂ ಬಿಡಿಸಿ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕೇಕಿನ ಮಾತಿಗೆ ಇಷ್ಟೆಲ್ಲಾ ಯಾಕೆ ಎಂದು ಒಬ್ಬರು ಮೆಲ್ಲಗೆ ನಕ್ಕರು. ಇನ್ನೊಬ್ಬರು, ಅಯ್ಯೋ ಅದನ್ನೆಲ್ಲ ಯಾರು ನೆನಪಿಟ್ಟಿದ್ದಾರೆ ಎಂದರು. ಹೌದು, ಅವರು ಯಾರೂ ನೆನಪಿಟ್ಟಿರಲಿಲ್ಲ. ಇಟ್ಟುಕೊಂಡವಳು ಒಬ್ಬಳೇ.

ಅತ್ತೆ ಮಾತ್ರ ನಗಲಿಲ್ಲ. ‘ಅವತ್ತು ನಕ್ಕಾಕಿ ನಾನೂ ಅದೀನಿ’ ಎಂದರು, ನಾಗವೇಣಿಯ ಕಡೆ ನೋಡಿ. ಆಮೇಲೆ ನನ್ನ ಕಡೆ ನೋಡಿದರು.

ನಾಗವೇಣಿ ಮುಂದೆ ಬಂದು ಕೂತಳು. ಬುಟ್ಟಿಗೆ ಎರಡೂ ಕೈ ಹಾಕಿ ಬೊಗಸೆ ತುಂಬಿದಳು. ತುಂಬಿದ ಬೊಗಸೆಯನ್ನು ಒಮ್ಮೆ ಅಲ್ಲಾಡಿಸಿ ಕೂರಿಸಿ, ಮೇಲೆ ಇನ್ನೂ ನಾಲ್ಕು ಕೊಂಬು ಇಡಲು ಸಹನಾಳಿಗೆ ಹೇಳಿದಳು. ಒರಳಿಗೆ ಸುರಿಯುವಾಗ ಒಂದೆರಡು ಹೊರಗೆ ಬಿದ್ದವು. ಮೊದಲ ಒನಕೆ ಹಿರಿ ಸೊಸೆಯ ಕೈಗೆ ಬರುವುದು ಪದ್ಧತಿ. ಅವಳು ಅದನ್ನು ಎತ್ತಿ ಗಾದಿಗನೂರಿನ ಚಿಕ್ಕತ್ತೆಗೆ ಕೊಟ್ಟಳು. ನಾನು ಹಿಂದೆ ಸರಿದು ಬಾಗಿಲ ಹತ್ತಿರ ನಿಂತೆ. ಅಲ್ಲಿಂದಲೂ ಕುಟ್ಟುವ ಸದ್ದು ಚೆನ್ನಾಗಿ ಕೇಳುತ್ತಿತ್ತು.

ಅದಾಗಿ ಆರು ತಿಂಗಳಾಯಿತು. ನಾಗವೇಣಿ ಶೆಡ್ಡಿಗೆ ಬರುವುದನ್ನು ಬಿಟ್ಟಿದ್ದಾಳೆ. ಮದುವೆಯ ನಂತರ ಅವಳೂ ಮೈದುನನೂ ಹಿಂದಿನ ಓಣಿಯಲ್ಲಿ ಬೇರೆ ಮನೆ ಮಾಡಿದರು. ಎದುರಾದರೆ ಮಾತಾಡುತ್ತಾಳೆ — ಊಟ ಆಯಿತಾ, ಅತ್ತೆಯ ಮೊಣಕಾಲು ಹೇಗಿದೆ, ಅಷ್ಟು. ಕ್ಷಮಿಸಿದ್ದೇನೆ ಎಂದು ಅವಳು ಹೇಳಿಲ್ಲ. ಹೇಳು ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಈ ವರ್ಷದ ಹುಡುಗಿಯರಿಗೆ ಕಪ್ಪಿನ ಪಾಠ ಹೇಳುವಾಗ ಅವಳ ಹೆಸರು ಹಿಡಿದೇ ಹೇಳಿದೆ, ನನ್ನ ಹೆಸರನ್ನೂ ಹಿಡಿದು. ಇನ್ನು ಪ್ರತಿ ವರ್ಷ ಹಾಗೆಯೇ ಹೇಳುತ್ತೇನೆ.

ಕೆಲವು ದಿನ ಸಂಜೆ ಹಿಂದಿನ ಓಣಿಯಿಂದ ಬಾಳೆಹಣ್ಣಿನ ಕೇಕಿನ ವಾಸನೆ ಬರುತ್ತದೆ. ಮನೆಗೊಂದು ಓವನ್ ತಂದಿದ್ದಾಳಂತೆ. ತೂಕದ ಯಂತ್ರ ತಂದಿಲ್ಲವಂತೆ, ಹಿಟ್ಟು ಗೀರುವುದಿಲ್ಲವಂತೆ. ಕುಟ್ಟಿ, ತುಂಬಿ, ಮೇಲೊಂದು ಹಿಡಿ ಇಟ್ಟು, ಒಂದೂವರೆ ಕಪ್ ಹಾಕುತ್ತಾಳಂತೆ. ಭಾಳ ಹಗುರ ಬರ್ತೈತಿ ಎಂದು ಅಲ್ಲಿ ತಿಂದು ಬಂದ ಅತ್ತೆ ಹೇಳಿದರು. ಓಣಿಯ ಎಲ್ಲ ಮನೆಗೂ ಒಂದೊಂದು ತುಂಡು ಹೋಗಿದೆ. ನನಗೆ ಬಂದಿಲ್ಲ.